ಬಿ.ಪಿ., ಶುಗರ್ ನೋಡುವಾಗ ಬಾಯನ್ನೂ ತೆರೆಸಿ ನೋಡಬೇಕು, ಏಕೆ?

ಮಂಡ್ಯದ ನಾಲಾ ಬಯಲಿನ ಒಂದು ಹಳ್ಳಿಯಲ್ಲಿ, ಸಮುದಾಯ ಭವನದ ಜಗಲಿಯ ಮೇಲೆ ನಡೆಯುತ್ತಿದ್ದ ಆರೋಗ್ಯ ತಪಾಸಣೆಯನ್ನು ಒಂದು ಬೆಳಗಿನ ಹೊತ್ತು ಕುಳಿತು ನೋಡಿದ್ದೆ. ಮೇಜಿನ ಮೇಲೆ ರಕ್ತದೊತ್ತಡದ ಯಂತ್ರ, ಪಕ್ಕದಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಉಪಕರಣ, ನೆಲದ ಮೇಲೆ ತೂಕದ ಯಂತ್ರ, ಸೊಂಟದ ಸುತ್ತಳತೆಗೆ ಒಂದು ಟೇಪು. ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದ ಫಾರಂನಲ್ಲಿ ಬಾಯಿಗೆ ಸಂಬಂಧಿಸಿದ ಪ್ರಶ್ನೆಗಳೂ ಇದ್ದವು. ಅರವತ್ತರ ಆಸುಪಾಸಿನ ಹೆಂಗಸೊಬ್ಬರ ಸರದಿ ಬಂದಾಗ ಆಕೆ, "ಬಾಯಲ್ಲಿ ಹುಣ್ಣೇನಾರ ಅದಾ ಅವ್ವಾ?" ಎಂದು ಕೇಳಿದರು. ಆ ಹೆಂಗಸು ಎಡಗೆನ್ನೆಯೊಳಗಿನ ಎಲೆಅಡಿಕೆಯನ್ನು ನಾಲಗೆಯಿಂದ ಇನ್ನಷ್ಟು ಒಳಕ್ಕೆ ತಳ್ಳಿಕೊಂಡು, "ಇಲ್ಲ ಕಣವ್ವ, ನೋವೇನಿಲ್ಲ" ಎಂದರು. ಫಾರಂನಲ್ಲಿ ‘ಇಲ್ಲ’ ಎಂಬಲ್ಲಿ ಗುರುತು ಬಿತ್ತು, ಸರದಿ ಮುಂದೆ ಸರಿಯಿತು. ಕೇಳಿದ್ದು ಹುಣ್ಣಿನ ಬಗ್ಗೆ, ಉತ್ತರ ಬಂದದ್ದು ನೋವಿನ ಬಗ್ಗೆ. ಬಾಯಿಯ ಮಟ್ಟಿಗೆ ನಮ್ಮ ಜನ ರೋಗವನ್ನೂ ನೋವನ್ನೂ ಒಂದೇ ಎಂದು ತಿಳಿಯುತ್ತಾರೆ, ಮತ್ತು ಆ ತಿಳಿವಳಿಕೆಯಿಂದಲೇ ಹಲ್ಲು, ವಸಡು, ಕೆಲವೊಮ್ಮೆ ಜೀವ ಕೂಡ ಕೈಬಿಟ್ಟು ಹೋಗುತ್ತದೆ.

ಇದರಲ್ಲಿ ಆ ಕಾರ್ಯಕರ್ತೆಯ ತಪ್ಪನ್ನು ಹುಡುಕುವಂತಿಲ್ಲ. ಆಕೆಯ ಕೆಲಸ ಕೇಳಿ ಬರೆದುಕೊಳ್ಳುವುದು. ದೇಶದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆ ಆಗಬೇಕೆಂದಿದೆ. ಮನೆಬಾಗಿಲಲ್ಲಿ ತುಂಬುವ ಫಾರಂ ಆ ತಪಾಸಣೆಯ ಮೊದಲ ಮೆಟ್ಟಿಲು ಮಾತ್ರ. ಐದು ವರ್ಷಕ್ಕೊಮ್ಮೆಯಾದರೂ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಬಾಯಿಯನ್ನು ಬೆಳಕಿನಲ್ಲಿ ಕಣ್ಣಾರೆ ಪರೀಕ್ಷಿಸಬೇಕೆಂಬುದು ಮಾರ್ಗಸೂಚಿಯಲ್ಲೇ ಇದೆ. 2014–15ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವೂ ಇದೆ, ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲಿ ಪ್ರಾಥಮಿಕ ದಂತ ಆರೈಕೆಯ ಹೆಸರೂ ಇದೆ. ಕಾಗದದ ಮೇಲೆ ಬಾಯಿಗೆ ಜಾಗ ಸಿಕ್ಕಿದೆ, ಜಗಲಿಯ ಮೇಲಿನ ಮೇಜಿನಲ್ಲಿ ಸಿಕ್ಕಿಲ್ಲ. ನಾನು ನೋಡಿದ ಮೇಜಿನ ಮೇಲೆ ಟಾರ್ಚೂ ಇರಲಿಲ್ಲ, ಬಾಯಿಯೊಳಗೆ ಹಿಡಿಯುವ ಚಿಕ್ಕ ಕನ್ನಡಿಯೂ ಇರಲಿಲ್ಲ.

ತಪಾಸಣೆ ಎಂಬ ಪದವನ್ನು ನಾವು ಸಡಿಲವಾಗಿ ಬಳಸುತ್ತೇವಾದ್ದರಿಂದ ಅದರ ಅರ್ಥವನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಕಾಯಿಲೆ ಬಿದ್ದವರನ್ನು ಪರೀಕ್ಷಿಸುವುದು ಚಿಕಿತ್ಸೆಯ ಭಾಗ. ಏನೂ ಆಗಿಲ್ಲವೆಂದು ತಮ್ಮಷ್ಟಕ್ಕೆ ಓಡಾಡಿಕೊಂಡಿರುವವರಲ್ಲಿ ಅಡಗಿರುವ ಕಾಯಿಲೆಯನ್ನು ಹುಡುಕುವುದು ತಪಾಸಣೆ. ಯಾವ ಕಾಯಿಲೆಯನ್ನು ಹೀಗೆ ಹುಡುಕುತ್ತ ಹೋಗುವುದು ಸಾರ್ಥಕ ಎಂಬುದಕ್ಕೆ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದುಕೊಟ್ಟ ಮಾನದಂಡಗಳನ್ನೇ ಇಂದಿಗೂ ಆಧಾರವಾಗಿ ಹಿಡಿಯಲಾಗುತ್ತದೆ. ಕಾಯಿಲೆ ಅನೇಕರನ್ನು ಬಾಧಿಸುವಂಥದ್ದಾಗಿರಬೇಕು, ಲಕ್ಷಣ ತೋರುವ ಮುನ್ನ ಅದು ಸಾಕಷ್ಟು ಕಾಲ ಮೌನವಾಗಿ ಬೆಳೆಯಬೇಕು, ಆ ಮೌನದ ಅವಧಿಯಲ್ಲಿ ಅದನ್ನು ಪತ್ತೆಹಚ್ಚಲು ಸುಲಭದ, ಜನ ಒಪ್ಪುವ ಪರೀಕ್ಷೆ ಇರಬೇಕು, ಪತ್ತೆಯಾದ ಮೇಲೆ ಮಾಡಲು ಚಿಕಿತ್ಸೆ ಇರಬೇಕು ಮತ್ತು ಆ ಚಿಕಿತ್ಸೆ ಜನರ ಕೈಗೆ ಎಟುಕುವಂತಿರಬೇಕು. ಬಾಯಿಯ ಕಾಯಿಲೆಗಳು ಇವುಗಳಲ್ಲಿ ಮೊದಲ ನಾಲ್ಕನ್ನು ಸರಾಗವಾಗಿ ದಾಟುತ್ತವೆ. ಕೊನೆಯದರಲ್ಲಿ ಎಡವುತ್ತವೆ, ಅದನ್ನು ಮುಂದೆ ನೋಡೋಣ.

ಬಾಯಿಯ ಕಾಯಿಲೆಗಳು ಪ್ರಪಂಚದಲ್ಲಿ ಸುಮಾರು 350 ಕೋಟಿ ಜನರನ್ನು ಕಾಡುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ದಂತಕ್ಷಯ, ಅಂದರೆ ನಾವು ಹುಳುಕು ಎನ್ನುವುದು. ಹುಳುಕು ಎಂಬ ಮಾತಿನಲ್ಲಿ ಹುಳು ಇದೆಯಾದರೂ ಹಲ್ಲಿನಲ್ಲಿ ಹುಳು ಇರುವುದಿಲ್ಲ. ಹಲ್ಲಿನ ಮೇಲೆ ಅಂಟಿಕೊಳ್ಳುವ ತೆಳು ಪಾಚಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ, ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜಾಂಶವನ್ನು ಕರಗಿಸಿ ತೆಗೆಯುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಕರಗುವಿಕೆ ಶುರುವಾಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಬಾಯಿಯನ್ನು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೇ ಹಲ್ಲಿನ ಪಾಲಿಗೆ ಮುಖ್ಯ. ಹಬ್ಬದ ದಿನ ಊಟದ ಜೊತೆ ತಿಂದ ನಾಲ್ಕು ಒಬ್ಬಟ್ಟಿಗಿಂತ, ದಿನವಿಡೀ ಗಂಟೆಗೊಂದು ಸಲ ಹೀರುವ ಅರ್ಧ ಲೋಟ ಸಿಹಿ ಟೀ ಹೆಚ್ಚು ಹಾನಿ ಮಾಡಬಲ್ಲದು. ಆಲೆಮನೆಯ ಬೆಲ್ಲ ಸಕ್ಕರೆಗಿಂತ ಹಲ್ಲಿಗೆ ಒಳ್ಳೆಯದು ಎಂದು ಮಂಡ್ಯದವರು ಅಭಿಮಾನದಿಂದ ಹೇಳುವುದುಂಟು. ಬೆಲ್ಲದಲ್ಲಿರುವುದೂ ಬಹುಪಾಲು ಅದೇ ಸುಕ್ರೋಸ್ ಆದ್ದರಿಂದ ಬ್ಯಾಕ್ಟೀರಿಯಾಗಳಿಗೆ ಈ ಭೇದ ಗೊತ್ತಾಗುವುದಿಲ್ಲ.

ಎನಾಮೆಲ್‌ನಲ್ಲಿ ನರಗಳಿಲ್ಲ. ಹಾಗಾಗಿ ಅದು ಕರಗುತ್ತಿರುವಾಗ ಏನೂ ಅನ್ನಿಸುವುದಿಲ್ಲ. ಹುಳುಕು ಅದರ ಕೆಳಗಿನ ಪದರಕ್ಕೆ ಇಳಿದಾಗ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹಲ್ಲಿನ ಒಡಲಿನಲ್ಲಿ ನರ, ರಕ್ತನಾಳಗಳಿರುವ ತಿರುಳನ್ನು ಮುಟ್ಟಿದಾಗ ಮಾತ್ರ ರಾತ್ರಿಯಿಡೀ ನಿದ್ದೆಗೆಡಿಸುವ ನೋವು ಬರುತ್ತದೆ. ಆಗ ಲವಂಗದ ಎಣ್ಣೆ, ಮೆಡಿಕಲ್ ಶಾಪಿನ ಮಾತ್ರೆ. ಅದಾದ ಮೇಲೆ ಒಂದು ದಿನ ನೋವು ತಾನಾಗಿ ನಿಲ್ಲುವುದೂ ಉಂಟು, ಮನೆಯವರು ಸದ್ಯ ವಾಸಿಯಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ವಾಸ್ತವದಲ್ಲಿ ತಿರುಳು ಸತ್ತಿರುತ್ತದೆ, ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಯ ಕಡೆಗೆ ಹೊರಟಿರುತ್ತದೆ. ಎರಡು ವರ್ಷ ಮೊದಲು ಬಾಯಿ ತೆರೆಸಿ ನೋಡಿದ್ದರೆ ಒಂದು ಚಿಕ್ಕ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಕೆಲವು ಸಾವಿರ ರೂಪಾಯಿಯ ರೂಟ್ ಕೆನಾಲ್ ಅಥವಾ ಹಲ್ಲು ಕೀಳಿಸುವುದು, ಈ ಎರಡರಲ್ಲಿ ಒಂದಕ್ಕೆ ಬಂದು ನಿಂತಿರುತ್ತದೆ. ಕೂಲಿ ಮಾಡುವವರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ಹಲ್ಲು ಹೋದದ್ದನ್ನು ಮರೆಮಾಚುವ ಇನ್ನೊಂದು ಸಂಗತಿ ನಮ್ಮ ಊಟದಲ್ಲೇ ಇದೆ. ಮೈಸೂರು, ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ದವಡೆಯ ಹಲ್ಲು ನಾಲ್ಕು ಹೋದರೂ ಆರು ಹೋದರೂ ಮುದ್ದೆ ಸಲೀಸಾಗಿ ಇಳಿಯುವುದರಿಂದ ಊಟದ ತಟ್ಟೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದರೆ ತಟ್ಟೆಯಲ್ಲಿ ಏನು ಉಳಿಯುತ್ತದೆ ಎಂದು ಗಮನಿಸಿದರೆ ಗೊತ್ತಾಗುತ್ತದೆ: ಸೌತೆಕಾಯಿಯ ಹೋಳು, ಕೋಸಂಬರಿ, ಹುರಳಿಕಾಳು, ಮೂಳೆಯ ಸುತ್ತಲಿನ ಮಾಂಸ. ಅಗಿಯಲಾಗದವರು ಕಾಳು, ಸೊಪ್ಪು, ಹಣ್ಣು ಬಿಟ್ಟು ಮೆತ್ತಗಿನ ಹಿಟ್ಟಿನ ಪದಾರ್ಥಗಳತ್ತ ಸರಿಯುತ್ತಾರೆ, ಮತ್ತು ಮಧುಮೇಹ ಇರುವವರಿಗೆ ವೈದ್ಯರು ತಿನ್ನಿ ಎನ್ನುವುದು ಇವರು ಬಿಟ್ಟಿರುವುದನ್ನೇ. ಹಲ್ಲಿನ ಸ್ಥಿತಿ ನೋಡದೆ ಪಥ್ಯದ ಚೀಟಿ ಬರೆದುಕೊಟ್ಟರೆ ಆ ಚೀಟಿ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಅಷ್ಟೇ.

ಮಧುಮೇಹದ ಮಾತು ಬಂದಿದ್ದರಿಂದ ವಸಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಯಿಯನ್ನು ದೇಹದಿಂದ ಬೇರೆಯಾಗಿ ನೋಡುವ ನಮ್ಮ ಅಭ್ಯಾಸ ಎಷ್ಟು ತಪ್ಪು ಎಂಬುದು ಇಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿಕೊಂಡಾಗ ವಸಡು ಕೆಂಪಾಗಿ ಬಾತುಕೊಳ್ಳುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿಸಿದರೆ ವಸಡು ಮೊದಲಿನಂತಾಗುತ್ತದೆ. ಬಿಟ್ಟರೆ ಉರಿಯೂತ ಒಳಗಿಳಿದು ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯನ್ನೇ ಸವೆಸುತ್ತದೆ. ಹೋದ ಮೂಳೆ ಬಹುತೇಕ ಮರಳಿ ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿರುವವರಲ್ಲಿ ಸೋಂಕಿನ ವಿರುದ್ಧ ದೇಹದ ಹೋರಾಟ ಕುಂದಿರುವುದರಿಂದ ಈ ಕಾಯಿಲೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಇದರ ಮರುಮುಖವನ್ನು ಅನೇಕರು ಅರಿಯರು: ವಸಡಿನಲ್ಲಿ ಸದಾ ಹೊಗೆಯಾಡುವ ಉರಿಯೂತ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟ ಮಧುಮೇಹಿಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಪ್ರಮಾಣ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.4 ಶೇಕಡಾಂಶದಷ್ಟು ಇಳಿಯುತ್ತದೆಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2022ರ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಕೇಳಲು ಚಿಕ್ಕ ಸಂಖ್ಯೆ. ಆದರೆ ಒಂದು ಹೆಚ್ಚುವರಿ ಮಾತ್ರೆಯಿಂದ ಇಷ್ಟು ಇಳಿದರೂ ವೈದ್ಯರು ಸಂತೋಷಪಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಪಾದ ತೋರಿಸಿ, ಕಣ್ಣು ತೋರಿಸಿ ಎನ್ನುವ ನಾವು ವಸಡು ತೋರಿಸಿ ಎನ್ನುವುದಿಲ್ಲ.

ವಸಡಿನ ವಿಷಯದಲ್ಲೂ ಬರಿಯ ಪ್ರಶ್ನೆ ಸಾಕಾಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನಿಂದ ರಕ್ತ ಬರುವುದು ಕಡಿಮೆ, ಏಕೆಂದರೆ ತಂಬಾಕು ಆ ಲಕ್ಷಣವನ್ನು ಅದುಮಿಡುತ್ತದೆ. ಕಾಯಿಲೆ ಹೆಚ್ಚಿರುವವರೇ ‘ರಕ್ತ ಬರುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ವಸಡಿನ ಕಾಯಿಲೆ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುತ್ತದೆ ಎಂಬುದು ನಿಜವಾದರೂ ಒಂದರಿಂದಲೇ ಇನ್ನೊಂದು ಬರುತ್ತದೆಂದು ಸಾಬೀತಾಗಿಲ್ಲ. ಗರ್ಭಿಣಿಯರ ವಸಡಿಗೆ ಚಿಕಿತ್ಸೆ ಕೊಟ್ಟರೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆಂಬುದಕ್ಕೂ ಪ್ರಯೋಗಗಳು ಸ್ಪಷ್ಟ ಬೆಂಬಲ ಕೊಟ್ಟಿಲ್ಲ. ದಂತ ತಪಾಸಣೆಯ ಪರವಾಗಿ ಮಾತನಾಡುವ ಉತ್ಸಾಹದಲ್ಲಿ ಹೃದಯಾಘಾತದ ಭಯ ಹುಟ್ಟಿಸುವವರಿದ್ದಾರೆ. ಗರ್ಭಿಣಿಯರಿಗೆ ಹಾರ್ಮೋನಿನ ಏರುಪೇರಿನಿಂದ ವಸಡು ಬಾತು ರಕ್ತ ಬರುವುದು ಸಾಮಾನ್ಯವಾದ್ದರಿಂದ, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಬಾಯನ್ನೂ ನೋಡಬೇಕು ಎನ್ನಲು ಆಕೆಯ ಸ್ವಂತ ನೆಮ್ಮದಿಯೇ ಸಾಕಾದ ಕಾರಣ. ಬೇರೆ ಭಯ ಬೇಕಿಲ್ಲ.

ಭಯಪಡಲೇಬೇಕಾದದ್ದು ಬಾಯಿ ಕ್ಯಾನ್ಸರ್‌ಗೆ. ದೇಶದೇಶಗಳ ಕ್ಯಾನ್ಸರ್ ಲೆಕ್ಕ ಕೊಡುವ ಗ್ಲೋಬೋಕ್ಯಾನ್‌ನ 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಸುಮಾರು 1.4 ಲಕ್ಷ ಜನರಲ್ಲಿ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80 ಸಾವಿರ ಜನ ಅದರಿಂದ ಸತ್ತರು. ಗಂಡಸರಲ್ಲಿ ಇದೇ ಮೊದಲ ಸ್ಥಾನದ ಕ್ಯಾನ್ಸರ್. ಮೈಸೂರು ಸೀಮೆಗೆ ಈ ಅಂಕಿ ದೂರದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಲಗಳಲ್ಲಿ ವರ್ಜೀನಿಯಾ ತಂಬಾಕು ಬೆಳೆಯುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮೈಸೂರು ವೀಳ್ಯದೆಲೆ ನಮ್ಮ ಹೆಮ್ಮೆ. ತಾಂಬೂಲವಿಲ್ಲದೆ ಮದುವೆಯೂ ಇಲ್ಲ, ನಾಮಕರಣವೂ ಇಲ್ಲ. ಶುಭಕಾರ್ಯದ ಊಟದ ನಂತರದ ಒಂದು ವೀಳ್ಯವನ್ನು ಯಾರೂ ದೂರುತ್ತಿಲ್ಲ. ಬೆಳಗಿನಿಂದ ಸಂಜೆವರೆಗೆ ಕೆನ್ನೆಯೊಳಗೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಅಥವಾ ಕಡ್ಡಿಪುಡಿಯನ್ನು ಅದೇ ಜಾಗದಲ್ಲಿ ಇಟ್ಟುಕೊಂಡಿರುವುದು ಬೇರೆಯೇ ಮಾತು. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಅಕ್ಕಪಕ್ಕ ತೂಗಾಡುವುದನ್ನು ಪೆಟ್ಟಿಗೆ ಅಂಗಡಿಯಲ್ಲಿ ಯಾರು ಬೇಕಾದರೂ ನೋಡಬಹುದು.

ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ ಎಂದು ಹೇಳಿಕೊಳ್ಳುವವರಿಗೂ ರಿಯಾಯಿತಿ ಇಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ತನ್ನ ಮೊದಲ ಗುಂಪಿನಲ್ಲಿ ಅದನ್ನು ಸೇರಿಸಿದೆ. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಿಳಚಿಕೊಂಡು, ಬಾಯಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗುವ ಒಂದು ಸ್ಥಿತಿಯಿದೆ. ಅದು ಕ್ಯಾನ್ಸರ್‌ಗೆ ಮುನ್ನಿನ ಮೆಟ್ಟಿಲಾಗಬಲ್ಲದು. ಮೊದಮೊದಲು ಖಾರ ತಿಂದರೆ ಉರಿ, ಆಮೇಲೆ ದೊಡ್ಡ ತುತ್ತು ಇಡಲಾಗದು. ಪರೀಕ್ಷೆ ಇಷ್ಟೇ: ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡುವುದು. ತನ್ನ ಮೂರು ಬೆರಳು ತನ್ನ ಬಾಯಿಗೆ ಹಿಡಿಸದಿದ್ದವರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು. ಈ ಪರೀಕ್ಷೆಗೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ.

ಕಣ್ಣಿನಿಂದ ನೋಡುವಷ್ಟರಿಂದಲೇ ಜೀವ ಉಳಿಯುತ್ತದೆಯೇ ಎಂದು ಕೇಳಬಹುದು. ಇದಕ್ಕೆ ಉತ್ತರ ಪಕ್ಕದ ಕೇರಳದಲ್ಲಿದೆ. ತಿರುವನಂತಪುರ ಜಿಲ್ಲೆಯ ಹದಿಮೂರು ಪ್ರದೇಶಗಳಲ್ಲಿ 1996ರಿಂದ, 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನರನ್ನು ಒಳಗೊಂಡು ಒಂದು ದೊಡ್ಡ ಪ್ರಯೋಗ ನಡೆಯಿತು. ಏಳು ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಲಾಯಿತು, ಉಳಿದವುಗಳಲ್ಲಿ ಎಂದಿನಂತೆ ಬಿಡಲಾಯಿತು. ಪರೀಕ್ಷಿಸಿದವರು ದಂತವೈದ್ಯರಲ್ಲ, ಇದಕ್ಕೆಂದೇ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ತಪಾಸಣೆ ನಡೆದ ಕಡೆ ಶೇ. 34ರಷ್ಟು ಕಡಿಮೆಯಾಗಿತ್ತು. ಯಾವ ಅಭ್ಯಾಸವೂ ಇಲ್ಲದವರನ್ನು ಸೇರಿಸಿ ಇಡೀ ಜನಸಂಖ್ಯೆಯನ್ನು ಲೆಕ್ಕ ಹಾಕಿದಾಗ ಲಾಭ ಅಷ್ಟು ಖಚಿತವಾಗಿ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಸಿಗುವ ಪಾಠ ಸ್ಪಷ್ಟವಾಗಿದೆ: ಎಲೆಅಡಿಕೆ, ಕಡ್ಡಿಪುಡಿ, ಬೀಡಿ, ಮದ್ಯದ ಅಭ್ಯಾಸವಿರುವವರ ಬಾಯಿ ನೋಡದೆ ಯಾರನ್ನೂ ಮೇಜಿನ ಮುಂದಿನಿಂದ ಕಳಿಸಬಾರದು. ಫಾರಂನಲ್ಲಿ ಆ ಅಭ್ಯಾಸದ ಪ್ರಶ್ನೆ ಮೊದಲೇ ಬರುತ್ತದೆ. ‘ಹೌದು’ ಎಂದವರನ್ನು ಬೇರೆಯಾಗಿ ಕೂರಿಸಿ ನೋಡುವುದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ.

ನೋಡುವ ಕ್ರಮವನ್ನು ಒಮ್ಮೆ ಹೇಳಿಬಿಡುವುದು ವಾಸಿ, ಏಕೆಂದರೆ ಬಾಯಿ ತಪಾಸಣೆ ಎಂದರೆ ಮುಂದಿನ ಹಲ್ಲಿನ ಬಿಳುಪು ನೋಡುವುದೆಂದು ಅನೇಕರು ತಿಳಿದಿದ್ದಾರೆ. ಬಾಯಿಯಲ್ಲಿರುವುದನ್ನು ಉಗುಳಿಸಿ, ನೀರು ಮುಕ್ಕಳಿಸಲು ಹೇಳಿ, ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆಸಿ, ಬೆಳಕಿಗೆ ಮುಖ ಮಾಡಿ ಕೂರಿಸಬೇಕು. ತುಟಿಯನ್ನು ಮಗುಚಿ, ಎರಡೂ ಕೆನ್ನೆಗಳನ್ನು ಹಿಂದಿನವರೆಗೆ ಅಗಲಿಸಿ, ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಎಳೆದು ಅದರ ಅಂಚುಗಳನ್ನು, ಮೇಲೆತ್ತಿಸಿ ಅದರ ಬುಡವನ್ನು, ಕೊನೆಗೆ ಅಂಗುಳನ್ನು ನೋಡಬೇಕು. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ವೆಲ್ವೆಟ್ಟಿನಂಥ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕೈಗೆ ಗಟ್ಟಿ ಹತ್ತುವ ಗಂಟು ಕಂಡರೆ ಬರೆದುಕೊಳ್ಳಬೇಕು. ಇವುಗಳಲ್ಲಿ ಬಹುಪಾಲು ಆರಂಭದಲ್ಲಿ ನೋಯುವುದಿಲ್ಲ. ಅದೇ ಹೊತ್ತಿಗೆ ಹಲ್ಲಿನ ಗುಳಿ, ಅಲ್ಲಾಡುವ ಹಲ್ಲು, ಬಾತ ವಸಡು ಕೂಡ ಕಣ್ಣಿಗೆ ಬೀಳುತ್ತವೆ. ಪ್ರತಿಯೊಬ್ಬರಿಗೂ ಹೊಸ ಕೈಗವಸು ಬೇಕು, ಕನ್ನಡಿಯನ್ನು ಸೋಂಕು ತೊಲಗಿಸಿ ಬಳಸಬೇಕು. ಇಷ್ಟಕ್ಕೆ ಪಳಗಿದ ಕೈಗೆ ಹಿಡಿಯುವುದು ಎರಡು ಮೂರು ನಿಮಿಷ.

ಮಕ್ಕಳ ವಿಷಯಕ್ಕೆ ಬಂದರೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತವೆ, ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಅವರು ಒಂದು ಹಲ್ಲನ್ನಂತೂ ತಪ್ಪಿಸಬಾರದು. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಯಾವುದೂ ಬಿದ್ದಿಲ್ಲವಾದ್ದರಿಂದ ತಂದೆತಾಯಿ ಇದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕು ಹತ್ತಿದರೂ ‘ಹೇಗೂ ಬೀಳುವ ಹಲ್ಲು’ ಎಂದು ಸುಮ್ಮನಾಗುತ್ತಾರೆ. ಅದು ಬೀಳುವ ಹಲ್ಲಲ್ಲ. ಜೀವಮಾನವಿಡೀ ಅಗಿಯುವ ಭಾರವನ್ನು ಹೊರಬೇಕಾದ ಶಾಶ್ವತ ಹಲ್ಲು. ಒಂದನೇ, ಎರಡನೇ ತರಗತಿಯಲ್ಲೇ ಇದನ್ನು ನೋಡಿ, ಆಳವಾದ ಗೀರುಗಳಿದ್ದರೆ ಮುಚ್ಚುವ ಲೇಪ ಹಾಕಿಸಿದರೆ ಮುಂದಿನ ಎಷ್ಟೋ ತಾಪತ್ರಯ ತಪ್ಪುತ್ತದೆ.

ಮಕ್ಕಳ ಹಲ್ಲು ಊರಿನ ನೀರಿನ ಕಥೆಯನ್ನೂ ಹೇಳುತ್ತದೆ. ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಕೆಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ದಾಖಲಾಗಿದೆ; ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಮಿತಿಯೊಳಗಿದ್ದರೆ ಹಲ್ಲನ್ನು ಕಾಯುವ ಫ್ಲೋರೈಡ್, ಮಿತಿ ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದರೆ ಅದೇ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ ಮೂಡಿಸುತ್ತದೆ. ಒಂದು ಶಾಲೆಯ ಹತ್ತಾರು ಮಕ್ಕಳ ಹಲ್ಲಿನಲ್ಲಿ ಒಂದೇ ಬಗೆಯ ಕಲೆ ಕಂಡರೆ ಅದು ಉಜ್ಜದ ಹಲ್ಲಿನ ಕೊಳೆಯಲ್ಲ, ಆ ಊರಿನ ಬೋರ್‌ವೆಲ್ ಪರೀಕ್ಷಿಸಿ ಎಂಬ ಸೂಚನೆ. ಮೂಳೆ, ಕೀಲುಗಳಿಗೆ ಆ ವಿಷ ಇಳಿದು ಸೊಂಟ ಬಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಹಲ್ಲು ಅದಕ್ಕೂ ಬಹಳ ಮೊದಲೇ ಹೇಳಿರುತ್ತದೆ. ದಂತ ತಪಾಸಣೆಯ ದಾಖಲೆ ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಕಡತಕ್ಕೂ ಹೋಗಬೇಕೆಂದು ನನಗನ್ನಿಸುವುದು ಇದಕ್ಕೇ.

ಇನ್ನು, ಎಡವುತ್ತದೆ ಎಂದ ಕೊನೆಯ ಮಾನದಂಡದ ಮಾತು. ತಪಾಸಣೆಯ ವಿರುದ್ಧ ಇರುವ ವಾದ ಗಟ್ಟಿಯಾದದ್ದೇ. ವಾಯವ್ಯ ಇಂಗ್ಲೆಂಡಿನ ಶಾಲೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಮಕ್ಕಳ ಹಲ್ಲು ನೋಡಿ ಮನೆಗೆ ಚೀಟಿ ಕಳಿಸಿದ್ದರಿಂದ ಹುಳುಕೂ ಕಡಿಮೆಯಾಗಲಿಲ್ಲ, ದಂತವೈದ್ಯರಲ್ಲಿಗೆ ಹೋಗುವವರ ಸಂಖ್ಯೆಯೂ ಗಮನಾರ್ಹವಾಗಿ ಏರಲಿಲ್ಲ. ಶ್ರೀಮಂತ ದೇಶದಲ್ಲೇ ಹೀಗಾದರೆ ನಮ್ಮಲ್ಲೇನು? ಬ್ಯಾನರ್ ಕಟ್ಟಿ, ಒಂದೊಂದು ಟೂತ್‌ಪೇಸ್ಟ್ ಹಂಚಿ, ಫೋಟೋ ತೆಗೆಸಿಕೊಂಡು, ‘ಮೈಸೂರಿಗೆ ಹೋಗಿ ತೋರಿಸಿಕೊಳ್ಳಿ’ ಎಂದು ಹೇಳಿ ಹೊರಡುವ ದಂತ ಶಿಬಿರಗಳನ್ನು ಕಂಡವರಿಗೆ ಉತ್ತರ ಗೊತ್ತಿದೆ. ಮೈಸೂರಿಗೆ ಹೋಗುವುದೆಂದರೆ ಒಂದು ದಿನದ ಕೂಲಿ. ನೋವಿಲ್ಲದ ಹಲ್ಲಿಗಾಗಿ ಅದನ್ನು ಯಾರೂ ಕಳೆದುಕೊಳ್ಳುವುದಿಲ್ಲ, ಕಳೆದುಕೊಳ್ಳಬೇಕೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ.

ಆ ಪ್ರಯೋಗದಿಂದ ನಾನು ತಿಳಿದುಕೊಂಡದ್ದು ಬಾಯಿ ನೋಡುವುದು ವ್ಯರ್ಥ ಎಂದಲ್ಲ, ನೋಡಿ ಬಿಟ್ಟುಬಿಡುವುದು ವ್ಯರ್ಥ ಎಂದು. ಪ್ರತ್ಯೇಕ ದಂತ ಶಿಬಿರಕ್ಕಿಂತ ಬಿ.ಪಿ., ಶುಗರ್ ತಪಾಸಣೆಯೊಳಗೇ ಬಾಯಿಯನ್ನು ಸೇರಿಸುವುದರ ಹೆಚ್ಚುಗಾರಿಕೆ ಇರುವುದೂ ಇಲ್ಲೇ. ಆ ತಪಾಸಣೆಗೆ ಒಂದು ಬೆನ್ನೆಲುಬು ಆಗಲೇ ಇದೆ: ಸಕ್ಕರೆ ಹೆಚ್ಚಿದ್ದವರು ತಿಂಗಳಿಗೊಮ್ಮೆ ಮಾತ್ರೆಗೆ ಬರಲೇಬೇಕು, ಅವರ ಹೆಸರು ದಾಖಲೆಯಲ್ಲಿರುತ್ತದೆ, ಬಾರದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಮಾತ್ರೆಗೆ ಬಂದ ದಿನವೇ ವಸಡೂ ನೋಡಿಸಿಕೊಂಡು ಹೋಗುವಂತಿದ್ದರೆ ಕೂಲಿ ಎರಡನೇ ಸಲ ಹೋಗುವುದಿಲ್ಲ. ಗುಳಿ ಬಿದ್ದ ಹಲ್ಲಿಗೆಲ್ಲ ಡ್ರಿಲ್ಲು, ಕುರ್ಚಿ, ಕರೆಂಟು ಬೇಕೆಂದೇನೂ ಇಲ್ಲ. ಕೈ ಉಪಕರಣದಿಂದ ಮೆತ್ತಗಿನ ಹುಳುಕನ್ನು ಕೆರೆದು ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟನ್ನು ತುಂಬುವ ವಿಧಾನವಿದೆ. ಹುಳುಕಿನ ಮೇಲೆ ಹಚ್ಚಿದರೆ ಅದನ್ನು ತಡೆದು ನಿಲ್ಲಿಸುವ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರಾವಣವಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಇವೆರಡನ್ನೂ ಫ್ಲೋರೈಡ್ ಪೇಸ್ಟಿನ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಲ್ಲುಪುಡಿಗೆ ನಂಜನಗೂಡಿನ ಹೆಸರನ್ನೇ ಅಂಟಿಸಿಕೊಂಡು ಬೆಳೆದ ಸೀಮೆಯವರಿಗೆ ಪೇಸ್ಟಿನ ಬಗ್ಗೆ ಉಪದೇಶ ಕೊಂಚ ಕಷ್ಟವೇ. ಆದರೂ ಹುಳುಕು ತಡೆಯುವ ಗುಣ ಇರುವುದು ಫ್ಲೋರೈಡಿನಲ್ಲಿ, ಬಣ್ಣ ಪರಿಮಳಗಳಲ್ಲಲ್ಲ.

ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಇನ್ನೊಂದು ಕೆಲಸ ಹೇರುವುದನ್ನು ನಾನು ಒಪ್ಪುವುದಿಲ್ಲ. ಅವರ ಗೌರವಧನಕ್ಕೂ ಹೊರುವ ಹೊರೆಗೂ ಈಗಲೇ ತಾಳೆಯಿಲ್ಲ. ನೋಡುವ ಕೆಲಸ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯದ್ದಾಗಬೇಕು, ಅನುಮಾನ ಬಂದವರನ್ನು ತಾಲ್ಲೂಕು ಆಸ್ಪತ್ರೆಯ ದಂತ ಆರೋಗ್ಯಾಧಿಕಾರಿ ನೋಡಬೇಕು. ತರಬೇತಿಗೆ ಹೊರಗಿನವರನ್ನು ಕರೆಸಬೇಕಾಗಿಲ್ಲ. ಮೈಸೂರಿನಲ್ಲೇ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಸಮುದಾಯ ದಂತ ಆರೋಗ್ಯದ ವಿಭಾಗಗಳಿವೆ.

ಹಣದ ಪ್ರಶ್ನೆ ಎತ್ತುವವರು ಒಂದು ಹೋಲಿಕೆ ಮಾಡಿ ನೋಡಬಹುದು. ಬಡತನದ ರೇಖೆಯ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವ ದಂತಭಾಗ್ಯ ಎಂಬ ಯೋಜನೆ ನಮ್ಮ ರಾಜ್ಯದಲ್ಲಿದೆ. ಒಳ್ಳೆಯ ಯೋಜನೆ, ಹಲ್ಲಿಲ್ಲದವರಿಗೆ ಅದು ಬೇಕೇ ಬೇಕು. ಆದರೆ ಹಲ್ಲೆಲ್ಲ ಉದುರಿದ ಮೇಲೆ ಖರ್ಚು ಮಾಡಲು ಸಿದ್ಧವಿರುವ ವ್ಯವಸ್ಥೆ ಅವು ಗಟ್ಟಿಯಿದ್ದಾಗ ಕನ್ನಡಿ, ಟಾರ್ಚಿಗೆ ಹಿಂದೆಮುಂದೆ ನೋಡುವುದು ವಿಚಿತ್ರ. ಜಪಾನಿನಲ್ಲಿ ಒಂದೂವರೆ ವರ್ಷ ಮತ್ತು ಮೂರು ವರ್ಷದ ಮಕ್ಕಳ ಕಡ್ಡಾಯ ಆರೋಗ್ಯ ತಪಾಸಣೆಯಲ್ಲೇ ಹಲ್ಲೂ ಸೇರಿದೆ. ಎಂಬತ್ತನೇ ವಯಸ್ಸಿನಲ್ಲಿ ಸ್ವಂತದ ಇಪ್ಪತ್ತು ಹಲ್ಲು ಎಂಬ ಗುರಿಯೊಂದನ್ನು ಅವರು 1989ರಲ್ಲಿ ಇಟ್ಟುಕೊಂಡಾಗ ಅದನ್ನು ಮುಟ್ಟುತ್ತಿದ್ದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಇದೆಲ್ಲ ತಪಾಸಣೆಯೊಂದರಿಂದಲೇ ಆದದ್ದೆಂದು ಹೇಳಲಾಗದು, ಆಹಾರ, ಪೇಸ್ಟು, ವಿಮೆ ಎಲ್ಲವೂ ಅದರಲ್ಲಿ ಸೇರಿವೆ. ಇಪ್ಪತ್ತು ಹಲ್ಲಿದ್ದರೆ ಬಹುಪಾಲು ಆಹಾರವನ್ನು ಅಗಿಯಬಹುದು ಎಂಬ ಲೆಕ್ಕದ ಮೇಲೆ ಆ ಗುರಿ ನಿಂತಿದೆ.

ಆ ಬೆಳಗ್ಗೆ ಜಗಲಿಯ ಮೇಲೆ ಕುಳಿತಿದ್ದ ಹೆಂಗಸಿನ ರಕ್ತದೊತ್ತಡ ಹೆಚ್ಚಿತ್ತು. ಅವರ ಕೈಗೆ ಒಂದು ಚೀಟಿ ಬಂತು. ಯಾವ ದಿನ, ಎಷ್ಟು ಗಂಟೆಗೆ, ಯಾವ ಆಸ್ಪತ್ರೆಗೆ ಬರಬೇಕೆಂದು ಅದರಲ್ಲಿ ಬರೆದಿತ್ತು, ಓದಿ ಹೇಳಿದ್ದೂ ಆಯಿತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡು, ಚೀಲ ತೆರೆದದ್ದಕ್ಕೆ ಇನ್ನೊಂದು ಎಲೆಯನ್ನೂ ತೆಗೆದುಕೊಂಡರು. ಆ ಚೀಟಿಯ ಕೆಳಭಾಗದಲ್ಲಿ ‘ಬಾಯಿ: ನೋಡಿದೆ’ ಎಂದು ಬರೆದು, ಏನು ಕಂಡಿತು, ದಂತ ಆರೋಗ್ಯಾಧಿಕಾರಿಯ ಬಳಿ ಎಂದು ಹೋಗಬೇಕು ಎಂದು ತುಂಬಲು ಎರಡು ಸಾಲಿನಷ್ಟು ಜಾಗ ಖಾಲಿಯಿತ್ತು.